ಜಮ್ಮ: ಒಂದೇ ಪದ, ಯಾರಿಗೆ ಯಾವ ಅರ್ಥ?



ಬಂದೂಕಿನ ಸುದ್ದಿ ಬಂದಾಗಲೆಲ್ಲ ಹೊರಜಿಲ್ಲೆಯ ಸಂಗಾತಿಗಳು ಕೇಳ್ತಾರೆ, "ಕೊಡಗಿನ ಈ ಜಮ್ಮ ಅಂದ್ರೆ ಏನು?" ಒಂದು ಸಾಲಲ್ಲಿ ಹೇಳಿ ಮುಗಿಸೋ ಪದ ಅಲ್ಲ ಇದು. ಸ್ವಲ್ಪ ತಾಳ್ಮೆಯಿಂದ ಓದಿ.

ಮೂಲ ಸಂಸ್ಕೃತದ 'ಜನ್ಮ'. ಪ್ರಾಕೃತದಲ್ಲಿ ಅದು 'ಜಮ್ಮ' ಆಯ್ತು. ಅರ್ಥ ಹುಟ್ಟು, ಅಷ್ಟೇ. ಪಂಜಾಬಿಯಲ್ಲಿ ಇವತ್ತಿಗೂ ಹುಟ್ಟೋದಕ್ಕೆ 'ಜಮ್ಮಣಾ' ಅಂತಾರೆ. ನಮ್ಮ ಆಡುಮಾತಲ್ಲಿ 'ಜಲ್ಮ', ಅದೂ ಬೈಯೋಕೇ ಜಾಸ್ತಿ! ಇಲ್ಲೆಲ್ಲೂ ಜಮೀನಿನ ಮಾತೇ ಇಲ್ಲ.

ಮಲಬಾರಿನ ಕಡೆ ಹೋದರೆ ಹುಟ್ಟಿಗೆ ಜಮೀನು ಅಂಟಿಕೊಳ್ಳುತ್ತೆ. ಮಲಯಾಳದಲ್ಲಿ 'ಜನ್ಮಂ' ಅಂದ್ರೆ ಭೂಮಿಯ ವಂಶಪಾರಂಪರ್ಯ ಒಡೆತನ, ಒಡೆಯ 'ಜನ್ಮಿ'. ನೀಲಗಿರಿಯ ಗೂಡಲೂರಿನಲ್ಲೂ ಇದೇ ಪದ್ಧತಿ ಇತ್ತು, ಅದನ್ನು ತೆಗೆಯೋಕೆ ತಮಿಳುನಾಡು 1969ರಲ್ಲಿ ಕಾಯ್ದೆಯನ್ನೇ ತಂದಿತು. ಕೇರಳದಲ್ಲಿ ಜನ್ಮಿ ಪದ್ಧತಿ 1970ರ ಜನವರಿ 1ಕ್ಕೆ ಹೋಯ್ತು.

ಆದರೆ ಜನ್ಮಂ ಬರೀ ಗದ್ದೆಯ ಲೆಕ್ಕ ಆಗಿರಲಿಲ್ಲ. 1800-01ರಲ್ಲಿ ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅಲ್ಲಿ ಜೀತದಾಳುಗಳನ್ನು ಕೈ ಬದಲಾಯಿಸುವ ಮೂರು ದಾರಿ ಬರೆದಿಟ್ಟಿದ್ದಾನೆ: ಜನ್ಮಂ, ಕಾಣಂ, ಪಾಟ್ಟಂ. ಅಂದ್ರೆ ಮಾರಾಟ, ಅಡವು, ಬಾಡಿಗೆ. ಗದ್ದೆಗೆ ಯಾವ ಪದವೋ ಮನುಷ್ಯನಿಗೂ ಅದೇ ಪದ.

ಈಗ ನಮ್ಮ ಕೊಡಗಿಗೆ ಬನ್ನಿ. ಇಲ್ಲಿ ಜಮ್ಮ ಅಂದ್ರೆ ರಾಜನಿಗೆ ದಂಡಿನ ಸೇವೆ ಕೊಟ್ಟಿದ್ದಕ್ಕೆ ಪ್ರತಿಯಾಗಿ ಹಿಡಿದ ವಂಶಪಾರಂಪರ್ಯ ಭೂಮಿ. ಹೆಚ್ಚಾಗಿ ಕೊಡವರದು, ಇನ್ನು ಕೆಲವು ಸಮುದಾಯಗಳದೂ ಇತ್ತು. ಸಾಗು ಜಮೀನಿಗೆ 100 ಭಟ್ಟಿಗೆ 10 ರೂಪಾಯಿ ಕಂದಾಯ ಇದ್ದರೆ ಜಮ್ಮಕ್ಕೆ 5 ರೂಪಾಯಿ. 1834ರಲ್ಲಿ ರಾಜನನ್ನು ಇಳಿಸಿ ಕೊಡಗನ್ನು ಹಿಡಿದ ಬ್ರಿಟಿಷರು ಈ ರಿಯಾಯಿತಿಯನ್ನು ಹಾಗೇ ಮುಂದುವರಿಸಿದರು.

ಇಲ್ಲಿವರೆಗಿನ ಕಥೆ ಎಲ್ಲ ಪುಸ್ತಕದಲ್ಲೂ ಸಿಗುತ್ತೆ, ಹೆಮ್ಮೆಯಿಂದಲೇ ಹೇಳ್ತಾರೆ. ಅದೇ ಬ್ರಿಟಿಷ್ ಕಾಲದ ದಾಖಲೆಗಳಲ್ಲಿ ಹೊಲೆಯರ ಬಗ್ಗೆ ಬರೆದಿರೋದನ್ನು ಮಾತ್ರ ಯಾರೂ ಎತ್ತಲ್ಲ. ಅಲ್ಲಿ ನಮ್ಮವರನ್ನು ಎರಡು ಬಗೆ ಮಾಡಿದ್ದಾರೆ. 'ಭೂಮಿ ಜಮ್ಮ' ಅಂದ್ರೆ ಭೂಮಿಗೆ ಅಂಟಿದ ಆಳು, ಅಲ್ಲಿಂದ ಕದಲಿಸೋ ಹಾಗಿಲ್ಲ. 'ಒಕ್ಕ ಜಮ್ಮ' ಅಂದ್ರೆ ಮನೆತನಕ್ಕೆ ಸೇರಿದ ಆಳು, ಮಾರಬಹುದು, ಒತ್ತೆ ಇಡಬಹುದು. ತಮಾಷೆ ನೋಡಿ, ಜಮ್ಮ ಭೂಮಿಯನ್ನು ಮಾರೋ ಹಾಗಿರಲಿಲ್ಲ, ಒಕ್ಕ ಜಮ್ಮದ ಮನುಷ್ಯನನ್ನು ಮಾರಬಹುದಿತ್ತು! ಹುಟ್ಟಿನಿಂದ ಒಬ್ಬರಿಗೆ ಆಸ್ತಿ ಬಂತು. ಅದೇ ಪದದ ಅಡಿಯಲ್ಲಿ ಇನ್ನೊಬ್ಬರು ಹುಟ್ಟಿನಿಂದಲೇ ಆಸ್ತಿ ಆದರು.

1843ರ ಕಾಯ್ದೆ ಬಂದ ಮೇಲೆ ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ಹೋಯ್ತು. ಭೂಮಿಯ ಜಮ್ಮ ಕಂದಾಯ ದಾಖಲೆಯಲ್ಲಿ ಉಳೀತು. ಆಳಿನ ಜಮ್ಮ ಅಳಿಸಿ ಹೋಯ್ತು, ಅದರ ಬದಲಿಗೆ ಒಂದು ಸೆಂಟು ಜಾಗವೂ ಬರಲಿಲ್ಲ. ಜೀತಕ್ಕೆ ಪೂರ್ತಿ ನಿಷೇಧದ ಕಾನೂನು ಬರೋಕೆ 1976 ಆಗಬೇಕಾಯ್ತು.

ಇವತ್ತು? ಕೊಡವರ ಜೊತೆ ಜಮ್ಮ ಹಿಡುವಳಿದಾರರಿಗೂ ಬಂದೂಕು ಲೈಸೆನ್ಸಿನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿತು. ಅವರ ಬಂದೂಕಿನ ಮೇಲೆ ನನಗೇನೂ ಸಿಟ್ಟಿಲ್ಲ. ಹಿರಿಯರ ಸೇವೆಗೆ ಇವತ್ತಿಗೂ ಲೆಕ್ಕ ಇದೆ ಅಂದಮೇಲೆ, ಆ ಗದ್ದೆಗಳಲ್ಲಿ ತಲೆಮಾರುಗಟ್ಟಲೆ ದುಡಿದವರ ಸೇವೆ ಯಾವ ರಿಜಿಸ್ಟರಿನಲ್ಲಿದೆ? ಅವರ ಮೊಮ್ಮಕ್ಕಳು ಎಷ್ಟೋ ಜನ ಇನ್ನೂ ತೋಟದ ಲೈನ್ ಮನೆಯಲ್ಲೇ ಇದ್ದಾರೆ. ಕೆಲಸ ಬಿಟ್ಟ ದಿನ ಮನೆಯನ್ನೂ ಬಿಡಬೇಕು.

ಕೊಡಗಿನ ಗೆಳೆಯರಲ್ಲಿ ಒಂದು ಕೋರಿಕೆ. ಮನೆಯ ಅಜ್ಜ ಅಜ್ಜಿ ಬಾಯಲ್ಲಿ ಭೂಮಿ ಜಮ್ಮ, ಒಕ್ಕ ಜಮ್ಮ ಅನ್ನೋ ಮಾತು ಕೇಳಿದ್ದರೆ ಯಾವ ಊರಲ್ಲಿ, ಏನಂತ ಹೇಳ್ತಿದ್ರು ಅಂತ ಇಲ್ಲಿ ಬರೀರಿ. ಯಾರ ಮನೆತನದ ಹೆಸರೂ ಬೇಡ. ಆ ಮಾತು ಸಾಕು.