ಶುಶ್ರೂಷೆಯಲ್ಲಿ ರೋಗಿಯ ಆಚಾರ ಹಾಗೂ ನಂಬಿಕೆಗಳ ಅರಿವು

ಅಂತರರಾಷ್ಟ್ರೀಯ ದಾದಿಯರ ಮಂಡಳಿಯು 1953ರಲ್ಲಿ ಅಂಗೀಕರಿಸಿದ ನೀತಿಸಂಹಿತೆಯ ಪ್ರಕಾರ ರೋಗಿಯ ಧಾರ್ಮಿಕ ನಂಬಿಕೆಗಳನ್ನು ಗೌರವಿಸುವುದು ದಾದಿಯರ ಕರ್ತವ್ಯವಾಗಿರುತ್ತದೆ. ಇದು ಕೇವಲ ಸೌಜನ್ಯದ ವಿಷಯವಾಗಿರದೆ ರೋಗಿಯ ಸುರಕ್ಷತೆಗೂ ಸಂಬಂಧಿಸಿರುತ್ತದೆ.

ಏಕಾದಶಿ ಅಥವಾ ರಂಜಾನ್ ಉಪವಾಸವನ್ನು ತಿಳಿಸದೆ ಇನ್ಸುಲಿನ್ ಪಡೆಯುವ ಮಧುಮೇಹಿಯ ರಕ್ತದಲ್ಲಿನ ಸಕ್ಕರೆಯ ಪ್ರಮಾಣವು ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಸೂರ್ಯಾಸ್ತದ ನಂತರ ಆಹಾರ ಸೇವಿಸದ ಜೈನ ರೋಗಿಗಳಿಗೆ ಊಟದೊಂದಿಗೆ ನೀಡಬೇಕಾದ ಔಷಧಿಯ ವೇಳೆಯನ್ನು ವೈದ್ಯರು ಬದಲಿಸಬೇಕಾಗಬಹುದು. ಅನೇಕ ಕ್ಯಾಪ್ಸೂಲ್‌ಗಳ ಹೊದಿಕೆಯು ಪ್ರಾಣಿಜನ್ಯ ಜೆಲಟಿನ್‌ನಿಂದ ತಯಾರಾಗಿರುತ್ತದೆ. ಸಸ್ಯಾಹಾರಿಗಳು ಅದನ್ನು ಸೇವಿಸದೆ ಬಿಡುವ ಬದಲು ಪರ್ಯಾಯವನ್ನು ಕೋರಬಹುದು.

ಆದ್ದರಿಂದ ರೋಗಿಗಳು ಅಥವಾ ಅವರ ಸಂಬಂಧಿಕರು ದಾಖಲಾತಿಯ ಸಮಯದಲ್ಲಿಯೇ ಉಪವಾಸ, ಆಹಾರ ನಿಯಮ, ಪ್ರಾರ್ಥನೆಯ ವೇಳೆ ಹಾಗೂ ಮಾತೃಭಾಷೆಯ ವಿವರಗಳನ್ನು ದಾದಿಯರಿಗೆ ತಿಳಿಸತಕ್ಕದ್ದು. ಅಂತ್ಯಕಾಲದಲ್ಲಿ ಪುರೋಹಿತರು, ಮೌಲ್ವಿ ಅಥವಾ ಪಾದ್ರಿಯವರ ಭೇಟಿಯನ್ನು ಬಯಸುವವರು ಮುಂಚಿತವಾಗಿ ತಿಳಿಸುವುದು ಸೂಕ್ತ. ವೈದ್ಯರ ಸಲಹೆಯಿಲ್ಲದೆ ಯಾವುದೇ ಔಷಧಿಯನ್ನು ನಿಲ್ಲಿಸತಕ್ಕದ್ದಲ್ಲ.