ಹಿಡಿ ರಾಗಿ ಚೀಲ

ಹೋದ ವರ್ಷ ಲೆಂಟ್ ದಿನಗಳಲ್ಲಿ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ಅಯ್ಯನವರು ಪ್ರಕಟಣೆ ಓದಿದ್ರು. ಹೆಂಗಸರಿಗೆ ಬೆಂಗಳೂರಿನಲ್ಲಿ ಮೂರು ದಿನದ ಧ್ಯಾನಕೂಟ, ಬರೋರು ಹೆಸರು ಕೊಡಿ ಅಂತ. ಹೊರಗೆ ಬಂದು ಚಪ್ಪಲಿ ಮೆಟ್ಕೊಳ್ಳೋವಾಗ್ಲೇ ಗುಸುಗುಸು ಶುರುವಾಯ್ತು. "ಮೂರು ದಿನ ಬಾಯಿ ಮುಚ್ಕೊಂಡು ಕೂತಿರ್ಬೇಕಂತೆ ಕಣೇ." "ಅದಿರ್ಲಿ, ನಮ್ಮ ಮಾವನೋರಿಗೆ ಮುದ್ದೆ ಕಟ್ಟಿ ಹಾಕೋರು ಯಾರು?"

ನಾನು ಹೆಸರು ಕೊಟ್ಟೆ. ಭಕ್ತಿ ಉಕ್ಕಿ ಹರೀತಿತ್ತು ಅಂತಲ್ಲ. ನಮ್ಮತ್ತೆಮ್ಮನ್ನ ಎರಡು ವರ್ಷ ಹಾಸಿಗೆ ಮೇಲೆ ನೋಡ್ಕೊಂಡು, ಮಣ್ಣು ಮಾಡಿ ಬಂದ ಮೇಲೆ ನನ್ನ ಬಾಯಲ್ಲಿ ಪ್ರಾರ್ಥನೆ ಅನ್ನೋದು ಒಣಗಿಹೋಗಿತ್ತು. ಪುಸ್ತಕ ನೋಡಿ ಓದ್ತಿದ್ದೆ, ಎಲ್ಲರ ಜೊತೆ ಹಾಡ್ತಿದ್ದೆ, ಒಳಗೆ ಮಾತ್ರ ಏನೂ ಇರ್ಲಿಲ್ಲ. ಯಾರಿಗೆ ಹೇಳ್ಲಿ? "ನಿನಗೇನಮ್ಮಾ, ಅತ್ತೆ ಸೇವೆ ಮಾಡಿ ಪುಣ್ಯ ಕಟ್ಕೊಂಡೆ" ಅಂತ ಎಲ್ಲರೂ ಹೊಗಳೋರೇ.

ಧ್ಯಾನಕೂಟದ ಎರಡನೇ ದಿನ ಬೆಳಿಗ್ಗೆಯೆಲ್ಲ ಮೌನ. ಒಂದು ಹಲಸಿನ ಮರದ ಕೆಳಗೆ ಕೂತಿದ್ದೆ. ದೇವರ ಧ್ಯಾನ ಬರ್ಲಿಲ್ಲ, ನಮ್ಮಜ್ಜಿ ಅಡಿಗೆಮನೆ ಬಾಗಿಲ ಹಿಂದಿನ ಮೊಳೆ ನೆನಪಿಗೆ ಬಂತು. ಆ ಮೊಳೆಗೆ ಒಂದು ಹಳೇ ಬಟ್ಟೆ ಚೀಲ ನೇತುಬಿದ್ದಿರೋದು. ಅಜ್ಜಿ ದಿನಾ ಹಿಟ್ಟಿಗೆ ಎಸರಿಡೋ ಮುಂಚೆ ಒಂದು ಹಿಡಿ ರಾಗಿ ಆ ಚೀಲಕ್ಕೆ ಹಾಕೋಳು. ಬೇರೆ ಕಡೆ ಹಿಡಿ ಅಕ್ಕಿ ಅಂತಾರೆ. ನಮ್ಮ ಗುಬ್ಬಿ ಕಡೆ ಅಕ್ಕಿ ಹಬ್ಬಕ್ಕೆ ಮಾತ್ರ ಅಲ್ವಾ, ಹಂಗಾಗಿ ರಾಗಿ. ತಿಂಗಳಾದ ಮೇಲೆ ಅದು ಚರ್ಚಿಗೆ ಹೋಗೋದು, ಅಲ್ಲಿಂದ ಯಾರಾದ್ರೂ ಗಂಡ ಸತ್ತೋಳ ಮನೆಗೋ, ಬಾಣಂತಿ ಮನೆಗೋ. ಹಾಕೋವಾಗ ಅಜ್ಜಿ ಒಂದೆರಡು ಕ್ಷಣ ಸುಮ್ನೆ ನಿಲ್ಲೋಳು. ಏನಜ್ಜಿ ಅಂದ್ರೆ "ಏನಿಲ್ಲ ಹೋಗೇ" ಅನ್ನೋಳು. ಅಷ್ಟೇ ಅವಳ ಧ್ಯಾನಕೂಟ.

ಬಂದ ಮೇಲೆ ನಮ್ಮ ಕಡೆಯ ಸಭೆಗಳ ಹಳೇ ಕಥೆ ಹುಡುಕಿ ಓದೋಕೆ ಶುರು ಮಾಡಿದೆ. ಓದಿದ್ದನ್ನ ನಿಮ್ಮ ಹತ್ರ ಹೇಳ್ಬೇಕು ಅನ್ನಿಸ್ತು.

ಕಥೆ ಗುಬ್ಬಿಯಿಂದಲೇ ಹಿಡೀಬೇಕು. ವೆಸ್ಲಿಯನ್ ಮಿಷನ್ನಿನೋರು ಬೆಂಗಳೂರಿನ ದಂಡಿಗೆ ಮೊದಲೇ ಬಂದಿದ್ರು, ಆದ್ರೆ ಅಲ್ಲಿ ಅವರ ಕೆಲಸ ಬಹಳಮಟ್ಟಿಗೆ ತಮಿಳಿನಲ್ಲಿ, ಇಂಗ್ಲಿಷಿನಲ್ಲಿ. ಕನ್ನಡ ಸೀಮೆ ಒಳಗೇ ಕೂತು ಕೆಲಸ ಮಾಡ್ಬೇಕು ಅಂತ ಥಾಮಸ್ ಹಾಡ್ಸನ್ ಅನ್ನೋ ಪಾದ್ರಿ 1837ರಲ್ಲಿ ಗುಬ್ಬಿಗೆ ಬಂದ್ರು. ಸಂತೆ ಊರು, ನಾಕೂರ ಜನ ಸೇರೋ ಜಾಗ. ಆಮೇಲೆ ಸ್ವಲ್ಪ ಕಾಲಕ್ಕೆ ಕುಣಿಗಲ್‌ನಲ್ಲೂ ಶುರುವಾಯ್ತು. ಆಗ ರೈಲಿಲ್ಲ, ಬೆಂಗಳೂರಿಂದ ತುಮಕೂರಿಗೆ ರೈಲು ಬಂದಿದ್ದೇ 1884ರಲ್ಲಿ. ಗಾಡಿ, ಕುದುರೆ, ಇಲ್ಲಾಂದ್ರೆ ಕಾಲು.

ಈ ವೆಸ್ಲಿಯನ್ ಜನ ತಮ್ಮ ಜೊತೆ ಒಂದು ಅಭ್ಯಾಸ ತಂದಿದ್ರು, ಅದನ್ನ ಓದಿದಾಗ ನನಗೆ ನಗು ಬಂತು. ಕ್ಲಾಸ್ ಮೀಟಿಂಗ್ ಅಂತ ಅದರ ಹೆಸರು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅವರ ಪ್ರಾರ್ಥನಾಮಂದಿರದ ಮೇಲೆ ಸಾಲ ಇತ್ತಂತೆ. ಸಾಲ ತೀರ್ಸೋಕೆ ಒಬ್ಬ ಒಂದು ದಾರಿ ಹೇಳ್ದ: ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ಗುಂಪಿಗೊಬ್ಬರನ್ನ ನೇಮಿಸಿ, ತಲೆಗೆ ವಾರಕ್ಕೊಂದು ಪೆನ್ನಿ ಎತ್ತೋಣ. ಕೊಡೋಕಾಗದ ಬಡವರದ್ದನ್ನ ತಾನೇ ಹಾಕ್ತೀನಿ ಅಂತಲೂ ಅಂದನಂತೆ. ನಮ್ಮ ಚೀಟಿ ವ್ಯವಹಾರದ ಹಾಗೇ ಅಲ್ವಾ? ಆದ್ರೆ ಪೆನ್ನಿ ಎತ್ತೋಕೆ ಮನೆಮನೆಗೆ ಹೋದೋರಿಗೆ ಬೇರೆ ಏನೇನೋ ಕಣ್ಣಿಗೆ ಬಿತ್ತು. ಇಲ್ಲೊಬ್ಬ ಕುಡೀತಾನೆ, ಇಲ್ಲೊಬ್ಬಳು ಕಾಯಿಲೆ ಬಿದ್ದವಳೆ, ಇಲ್ಲಿ ಗಂಡಹೆಂಡ್ತಿ ಮಾತಿಲ್ಲ. ಜಾನ್ ವೆಸ್ಲಿ ಅದನ್ನ ಹಿಡ್ಕೊಂಡ್ರು. ವಾರಕ್ಕೊಮ್ಮೆ ಹನ್ನೆರಡು ಜನ ಕೂತು, ನಿನ್ನ ಆತ್ಮ ಹೇಗಿದೆ ಅಂತ ಒಬ್ಬರನ್ನೊಬ್ಬರು ಕೇಳೋದು. ಎದ್ದು ಹೋಗಿ ಕಷ್ಟದಲ್ಲಿರೋರನ್ನ ನೋಡೋದು. ಹೆಂಗಸರ ಗುಂಪುಗಳನ್ನ ಹೆಂಗಸರೇ ನಡೆಸ್ತಿದ್ರು, ಅದೂ ಆ ಕಾಲಕ್ಕೆ.

ಒಡಂಬಡಿಕೆ ಆರಾಧನೆಯೂ ಅವರದ್ದೇ. ಹೊಸವರ್ಷದ ಹೊತ್ತಿಗೆ ದೇವರ ಜೊತೆ ಮಾಡ್ಕೊಂಡ ಮಾತನ್ನ ಮತ್ತೆ ಹೊಸದಾಗಿ ಹೇಳೋದು. ವೆಸ್ಲಿ ಮೊದಲು ಅದನ್ನ ನಡೆಸಿದ್ದು ಲಂಡನ್‌ನಲ್ಲಿ, 1755ರ ಆಗಸ್ಟಿನಲ್ಲಿ. 1947ರ ಸೆಪ್ಟೆಂಬರ್ 27ಕ್ಕೆ ಮೆಥಡಿಸ್ಟರೂ ಆಂಗ್ಲಿಕನರೂ ಇನ್ನಿತರರೂ ಕೂಡಿ ದಕ್ಷಿಣ ಇಂಡಿಯಾ ಸಭೆ ಆದಾಗ ಅದೂ ನಮ್ಮ ಜೊತೆ ಬಂತು. ವರ್ಷಾವರ್ಷ ಹೇಳೋ ಆ ಮಾತುಗಳ ಹಿಂದೆ ಇಷ್ಟು ಉದ್ದದ ಕಥೆ ಐತೆ ಅಂತ ನನಗೆ ಐವತ್ತು ದಾಟೋವರೆಗೂ ಗೊತ್ತಿರ್ಲಿಲ್ಲ.

ಈಗ ವಿಲಿಯಂ ಆರ್ಥರ್ ವಿಷಯ. ಐರ್ಲೆಂಡಿನ ಹುಡುಗ, ಹುಟ್ಟಿದ್ದು 1819ರಲ್ಲಿ. 1839ರಲ್ಲಿ ಗುಬ್ಬಿಗೆ ಬಂದಾಗ ಇಪ್ಪತ್ತು ವರ್ಷ. ನಮ್ಮನೆ ಹುಡುಗರು ಆ ವಯಸ್ಸಿಗೆ ತಟ್ಟೆ ಎತ್ತಿಡಲ್ಲ. ಅವನು ಬಂದು ಕನ್ನಡ ಕಲ್ತು, ಕನ್ನಡದಲ್ಲೇ ಮಾತಾಡಿ, ಸಂತೆಯಲ್ಲಿ ನಿಂತು ಜನರ ಜೊತೆ ವಾದ ಮಾಡಿ, ಕೊನೆಗೆ ಕಣ್ಣು ಕೆಟ್ಟು 1841ರಲ್ಲಿ ವಾಪಸ್ಸು ಹೋಗ್ಬೇಕಾಯ್ತು. ಎರಡು ವರ್ಷವೂ ಸರಿಯಾಗಿ ಇರ್ಲಿಲ್ಲ ಅನ್ನಿ. ಆ ಸ್ವಲ್ಪ ಕಾಲದ ಬಗ್ಗೆಯೇ 1847ರಲ್ಲಿ 'ಎ ಮಿಷನ್ ಟು ದಿ ಮೈಸೂರ್' ಅಂತ ದೊಡ್ಡ ಪುಸ್ತಕ ಬರೆದ್ರು. ಅದರಲ್ಲಿ ನಮ್ಮವರ ಬಗ್ಗೆ ಬರೆದ ಎಲ್ಲವನ್ನೂ ನಾನು ಒಪ್ಪಲ್ಲ. ಆ ಕಾಲದ ಬಿಳಿಯರ ಕಣ್ಣು ಅದು, ನಮ್ಮ ದೇವರು ದಿಂಡರು ಹಬ್ಬಹರಿದಿನ ಅಂದ್ರೆ ಅವರಿಗೆ ಕತ್ತಲೆ ಬಿಟ್ಟು ಬೇರೇನೂ ಕಾಣ್ತಿರ್ಲಿಲ್ಲ.

ಆದ್ರೆ 1856ರಲ್ಲಿ ಬರೆದ ಇನ್ನೊಂದು ಪುಸ್ತಕ ಐತೆ, 'ದಿ ಟಂಗ್ ಆಫ್ ಫೈರ್'. ಬೆಂಕಿಯ ನಾಲಿಗೆ ಅಂತ ಅರ್ಥ, ಪಂಚಾಶತ್ತಮ ದಿನದ ವಿಷಯ. ಬಡಕಲಾದ ನಂಬಿಕೆ ಮತ್ತೆ ಜೀವ ತಾಳೋದು ಹೇಗೆ ಅನ್ನೋದೇ ಅದರ ಪ್ರಶ್ನೆ. ಎಷ್ಟೋ ದೇಶಗಳ ಕ್ರೈಸ್ತರು ಅದನ್ನ ಓದಿದ್ರು. ಅದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಹತ್ತು ದಿನದ ಕಾಯೋಣ. ಯೇಸುಸ್ವಾಮಿ ಪರಲೋಕಕ್ಕೆ ಹೋದ ಮೇಲೆ ಶಿಷ್ಯರು ಯೆರೂಸಲೇಮಿನ ಮೇಲ್ಮಾಳಿಗೆಯಲ್ಲಿ ಕೂತು ಕಾಯ್ತಾರೆ. ದಿನ ಕಳೀತಾವೆ, ಏನೂ ಆಗಲ್ಲ. ಎದ್ದು ಹೋಗಲ್ಲ ಅವರು. ಅಪೊಸ್ತಲರ ಕೃತ್ಯಗಳಲ್ಲಿ ಸ್ಪಷ್ಟವಾಗೇ ಐತೆ ನೋಡಿ, ಹೆಂಗಸರೂ ಆ ಮಾಳಿಗೇಲಿದ್ರು, ಮರಿಯಮ್ಮನೂ ಇದ್ರು. ಬೆಂಕಿ ಬಂದ ಮೇಲೆ ಒಬ್ಬರೂ ಮಾಳಿಗೇಲಿ ಉಳೀಲಿಲ್ಲ, ಬೀದಿಗಿಳಿದ್ರು. ಮುಂದಿನ ಅಧ್ಯಾಯಗಳಲ್ಲಿ ಆಸ್ತಿ ಮಾರಿ ಹಂಚ್ಕೊಂಡು, ವಿಧವೆಯರಿಗೆ ದಿನಾ ಊಟ ಬಡಿಸೋ ಮಾತು, ಆ ಬಡಿಸೋದ್ರಲ್ಲಿ ಭೇದ ಆಯ್ತು ಅಂತ ಜಗಳ ಬೇರೆ. ಅಡಿಗೆಮನೆ ಜಗಳ ಬೈಬಲ್ಲಿನಲ್ಲೂ ತಪ್ಪಿಲ್ಲ ಕಣ್ರೀ.

ಇದೆಲ್ಲ ಪುಸ್ತಕದ ಮಾತು. ನಿಜವಾದ ಪರೀಕ್ಷೆ ಬಂದಿದ್ದು ಧಾತು ಈಶ್ವರ ಬರದಲ್ಲಿ, 1876ರಿಂದ 78. ಮಳೆ ಕೈಕೊಟ್ಟು, ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ರು. ನಮ್ಮ ಕಡೆ ಹಳೇ ಹೆಂಗಸರು ಈಗಲೂ ಅನ್ನ ಚೆಲ್ಲಿದ್ರೆ "ಬರ ನೋಡಿಲ್ಲ ನೀವು" ಅಂತ ಗದರೋದು ಆ ನೆನಪಿನ ಬಾಲವೇ ಇರ್ಬೇಕು. ಗಂಜಿ ಕೇಂದ್ರಗಳಿಗೆ ಬಂದ ಮಕ್ಕಳಲ್ಲಿ ಅಪ್ಪ ಅಮ್ಮ ಇಲ್ಲದೋರೇ ಬಹಳ. ವೆಸ್ಲಿಯನ್ ಮಿಷನ್ನಿನೋರು ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ಮಾಡಿದ್ರು. ತುಮಕೂರಿನದಕ್ಕೆ ಕೈಗಾರಿಕೆ ಕಲಿಸೋ ಶಾಲೆಯೂ ಸೇರ್ಕೊಂತು.

ನಮ್ಮಜ್ಜಿಯ ತಾತ ಅಲ್ಲಿ ಬೆಳೆದ ಹುಡುಗ. ಅಜ್ಜಿ ಹೇಳಿದ್ದಷ್ಟೇ ಗೊತ್ತು: ಆರೋ ಏಳೋ ವರ್ಷ, ಯಾವೂರು ಅಂದ್ರೆ "ಕೆರೆ ಇತ್ತು" ಅಂತಿದ್ನಂತೆ. ಕೆರೆ ಇಲ್ಲದ ಊರು ಯಾವುದು ನಮ್ಮ ಜಿಲ್ಲೇಲಿ? ಮರಗೆಲಸ ಕಲ್ತ. ಅವನ ಕೈಯಲ್ಲಾದ ಒಂದು ಮಣೆ ನಮ್ಮ ದೊಡ್ಡಮ್ಮನ ಮನೇಲಿ ಈಗಲೂ ಐತೆ. ನಮ್ಮ ಮನೆತನ ಅವನ ಹಿಂದಕ್ಕೆ ಹೋಗಲ್ಲ. ಜಾತಿ ಕೇಳಿದೋರಿಗೆ, ಕುಲ ಕೇಳಿದೋರಿಗೆ ನಾವು ಹೇಳೋಕೆ ಅದೊಂದೇ ಇರೋದು, ಬರ.

ಈ ಮಾತು ಬಂದಾಗೆಲ್ಲ ಒಂದು ಚುಚ್ಚುಮಾತೂ ಜೊತೆಗೆ ಬರುತ್ತೆ. "ಗಂಜಿಗೆ ಸೇರಿದ ಕಿರಿಸ್ತಾನರು" ಅಂತ. ಸ್ಕೂಲಲ್ಲಿ ನನಗೂ ಅಂದವ್ರೆ. ಚಿಕ್ಕೋಳಿದ್ದಾಗ ಅತ್ಕೊಂಡು ಬಂದಿದ್ದೆ. ಈಗ ಕೂತು ಯೋಚನೆ ಮಾಡಿದ್ರೆ, ಅದನ್ನ ಪೂರ್ತಿ ತಳ್ಳಿಹಾಕೋಕೂ ಆಗಲ್ಲ. ಆರು ವರ್ಷದ ಹಸಿದ ಮಗೂಗೆ ಆರಿಸ್ಕೊಳ್ಳೋ ಮಾತೆಲ್ಲಿ? ಅವನನ್ನ ಯಾರೂ ಕೇಳಿರಲ್ಲ. ಗಂಜಿ ಕೊಟ್ಟ ಕೈಯೇ ಹೆಸರೂ ಇಟ್ಟಿತು. ಆ ಕೈ ಇಲ್ಲದಿದ್ರೆ ನಾನೂ ಇರ್ತಿರ್ಲಿಲ್ಲ, ಅದೂ ನಿಜ. ಎರಡನ್ನೂ ಜೊತೆಗೇ ಇಟ್ಕೊಂಡು ಬದುಕೋದನ್ನ ಕಲ್ತಿದ್ದೀನಿ. ಆದ್ರೆ ಒಂದು ನೋಡಿ. ಅವನ ನಂಬಿಕೆ ಗಂಜಿಯದ್ದೇ ಅಂತ ಇಟ್ಕೊಳ್ಳಿ, ಅವನ ಮೊಮ್ಮಗಳು ಎಪ್ಪತ್ತು ವರ್ಷ ದಿನಾ ಒಂದು ಹಿಡಿ ರಾಗಿ ತೆಗೆದಿಟ್ಟಳಲ್ಲ, ಅದು ಯಾರ ಗಂಜಿಗೆ? ಆ ರಾಗಿ ಹೋಗ್ತಿದ್ದ ಮನೆಗಳಲ್ಲಿ ನಮ್ಮ ಸಭೆಯೋರಲ್ಲದೋರೂ ಇದ್ರು. ಅಜ್ಜಿ ಯಾರನ್ನೂ ಯಾವ ಜನ ಅಂತ ಕೇಳಿದ್ದು ನಾನು ಕಂಡಿಲ್ಲ. ತುಮಕೂರಿನೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾ? ಸಿದ್ಧಗಂಗೆಯ ದಾಸೋಹದ ಒಲೆ ಕಣ್ಮುಂದೇ ಉರೀತಿರುವಾಗ.

ಅದೇ 1877ರಲ್ಲೇ ಹಾಡ್ಸನ್ ಪಾದ್ರಿಗಳು 'ಓಲ್ಡ್ ಡೇನಿಯಲ್' ಅಂತ ಒಂದು ಪುಸ್ತಕ ಅಚ್ಚು ಹಾಕ್ಸಿದ್ರು, ಗುಬ್ಬಿ ಕಡೆಯ ಒಬ್ಬ ಕ್ರೈಸ್ತನ ಜೀವನಕಥೆ. ಗಂಡಸರ ಕಥೆಗೆ ಹೀಗೆ ಪುಸ್ತಕ ಆಯ್ತು. ಬೈಬಲ್ ಹೆಂಗಸರು ಅಂತಿದ್ರಲ್ಲ, ಬಿಳೀ ಸೀರೆ ಉಟ್ಟು, ಕಂಕುಳಲ್ಲಿ ಪುಸ್ತಕ ಇಟ್ಕೊಂಡು, ಮನೆಯಿಂದಾಚೆ ಬರದ ಹೆಂಗಸರ ಪಡಸಾಲೆಗೇ ಹೋಗಿ ಅಕ್ಷರ ಕಲ್ಸಿ, ಹೊಲಿಗೆ ಕಲ್ಸಿ, ಬಾಣಂತಿ ಉಪಚಾರ ಹೇಳಿ ಬರ್ತಿದ್ದೋರು, ಅವರಿಗೆ ಯಾರು ಪುಸ್ತಕ ಬರೆದ್ರು? ಬಹಳ ಜನ ವಿಧವೆಯರು. ವರದಿಗಳಲ್ಲಿ ಪಾದ್ರಿಗಳ ಹೆಸರು ಸಾಲುಸಾಲಾಗಿ ಇರ್ತವೆ. ಇವರದ್ದು ಎಷ್ಟೋ ಸಲ ಬರೀ ಲೆಕ್ಕ, ಇಷ್ಟು ಜನ ಅಂತ. ನನಗೆ ಸಿಟ್ಟು ಬರೋದು ಇಲ್ಲೇ.

ಹೆಂಗಸರಿಗೂ ಕೂರೋಕೆ ಒಂದು ಜಾಗ ಬೇಕು ಅಂತ ಯೋಚನೆ ಮಾಡಿದೋರೂ ಇದ್ರು, ತಡವಾಗಿಯಾದ್ರೂ. ದಕ್ಷಿಣ ಇಂಡಿಯಾ ಸಭೆ ಆದ ಮೇಲೆ, 1950ರ ದಶಕದಲ್ಲಿ, ಸಿಸ್ಟರ್ ಕ್ಯಾರಲ್ ಗ್ರಹಾಂ ಮುಂದೆ ನಿಂತು ಸಭೆಯ ಹೆಂಗಸರದ್ದೇ ಒಂದು ಸಿಸ್ಟರ್‌ಗಳ ಸಂಘ ಕಟ್ಟಿದ್ರು. ಬೆಂಗಳೂರಿನ ಇನ್‌ಫೆಂಟ್ರಿ ರಸ್ತೆಯಲ್ಲಿರೋ ವಿಶ್ರಾಂತಿ ನಿಲಯ ಅವರದ್ದು. ಹೆಸರೇ ವಿಶ್ರಾಂತಿ, ಆದ್ರೆ ಆ ಸಿಸ್ಟರ್‌ಗಳು ಶಾಲೆ, ಆಸ್ಪತ್ರೆ, ಹಳ್ಳಿ ಅಂತ ದುಡಿಯೋರು. ಪ್ರಾರ್ಥನೆಗೆ ಕೂರೋದು, ಎದ್ದು ಕೆಲಸಕ್ಕೆ ಹೋಗೋದು, ಮತ್ತೆ ಬಂದು ಕೂರೋದು. ಅದಕ್ಕೂ ಮುಂಚೆ, 1921ರಲ್ಲೇ, ತಮಿಳು ಸೀಮೆಯ ತಿರುಪತ್ತೂರಿನಲ್ಲಿ ಜೇಸುದಾಸನ್, ಫಾರೆಸ್ಟರ್ ಪೇಟನ್ ಅನ್ನೋ ಇಬ್ಬರು ಡಾಕ್ಟರು ಕ್ರಿಸ್ತಕುಲ ಆಶ್ರಮ ಮಾಡಿ ಪ್ರಾರ್ಥನೆ, ಔಷಧಿ ಎರಡನ್ನೂ ಒಂದೇ ಅಂಗಳದಲ್ಲಿ ಇಟ್ಟಿದ್ರು. ಕಥೋಲಿಕರಲ್ಲಿ ಮೈಸೂರಿನ ಅಂಜಲಿ ಆಶ್ರಮ ಐತೆ, 1979ರಲ್ಲಿ ಅಮಲೋರ್ಪವದಾಸ್ ಸ್ವಾಮಿಗಳು ಕಟ್ಟಿದ್ದು. ನಮ್ಮ ಬೀದಿ ಕೊನೆಯ ಕಥೋಲಿಕ ಅಕ್ಕ ಅಲ್ಲಿಗೆ ಹೋಗಿ ಬಂದು ನೆಲದ ಮೇಲೆ ಕೂತು ಧ್ಯಾನ ಮಾಡಿದ್ದನ್ನ ವಾರಗಟ್ಟಲೆ ಹೇಳ್ತಿದ್ರು.

ಮೌನದ ದಿನ ನಮಗೆ ಓದೋಕೆ ಕೊಟ್ಟಿದ್ದು ಮಾರ್ಕನ ಸುವಾರ್ತೆ ಆರನೇ ಅಧ್ಯಾಯ. ಊರೂರು ತಿರುಗಿ ಸುಸ್ತಾಗಿ ಬಂದ ಶಿಷ್ಯರಿಗೆ ಉಣ್ಣೋಕೂ ಪುರಸೊತ್ತಿಲ್ಲ. ಬನ್ನಿ, ಯಾರೂ ಇಲ್ಲದ ಕಡೆ ಹೋಗಿ ಸ್ವಲ್ಪ ದಣಿವಾರಿಸ್ಕೊಳ್ಳಿ ಅಂತ ಸ್ವಾಮಿಯೇ ದೋಣಿ ಹತ್ತಿಸ್ತಾರೆ. ಆಚೆ ದಡಕ್ಕೆ ಹೋಗಿ ನೋಡಿದ್ರೆ ಜನ ಮೊದಲೇ ಓಡಿ ಬಂದು ಕಾಯ್ತಾವ್ರೆ. ದಣಿವಾರಿಸ್ಕೊಳ್ಳೋಕೆ ಹೋದೋರು ಐದು ಸಾವಿರ ಜನಕ್ಕೆ ಬಡಿಸಿ, ಉಳಿದದ್ದನ್ನ ಹನ್ನೆರಡು ಪುಟ್ಟಿ ತುಂಬಿಸಿ ಬಂದ್ರು. ಮಧ್ಯಾಹ್ನ ಮಾತಾಡೋಕೆ ಅಪ್ಪಣೆ ಆದ ತಕ್ಷಣ ಪಕ್ಕದಲ್ಲಿದ್ದ ಕುಣಿಗಲ್ ಕಡೆಯೋರೊಬ್ಬರು "ನಮ್ಮ ಹಣೆಬರಾನೇ ಇದು ನೋಡ್ರೀ, ತೌರಿಗೆ ಹೋದ್ರೂ ಒಲೆ ತಪ್ಪಲ್ಲ" ಅಂದ್ರು. ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ನಗ್ತಾ ನಗ್ತಾ ನನಗೆ ಅಳು ಬಂತು. ಎರಡು ವರ್ಷದಲ್ಲಿ ಅತ್ತೆಮ್ಮನಿಗೆ ಗಂಜಿ ಕುಡ್ಸಿದ್ದು, ಬೆನ್ನಿಗೆ ಪೌಡರ್ ಹಾಕಿದ್ದು, ರಾತ್ರಿ ಮೂರು ಸಲ ಎದ್ದಿದ್ದು, ಅದ್ಯಾವುದನ್ನೂ ನಾನು ಪ್ರಾರ್ಥನೆ ಅಂತ ಲೆಕ್ಕಕ್ಕೇ ತಗೊಂಡಿರ್ಲಿಲ್ಲ. ಬೇಜಾರಲ್ಲಿ ಮಾಡಿದ್ದೂ ಉಂಟು, ಬೈಕೊಂಡು ಮಾಡಿದ್ದೂ ಉಂಟು. ಅದನ್ನೂ ಅವತ್ತು ಹೇಳ್ಕೊಂಡೆ. ಕೂತು ಕೇಳೋ ಹತ್ತು ಹನ್ನೆರಡು ಹೆಂಗಸರಿದ್ರು.

ಆರ್ಥರ್ ಪುಸ್ತಕ ಓದೋವಾಗ ಆ ಹತ್ತು ದಿನದ ಬಗ್ಗೆ ನನಗೊಂದು ಸಂಶಯ ಬಂತು, ಅವರು ಅದನ್ನ ಯೋಚನೆ ಮಾಡಿರಲಿಕ್ಕಿಲ್ಲ. ಮಾಳಿಗೇಲಿ ನೂರಿಪ್ಪತ್ತು ಜನ ಅಂತ ಬರೆದೈತೆ. ಹತ್ತು ದಿನ ಅಷ್ಟು ಜನಕ್ಕೆ ನೀರು ಸೇದಿದೋರು ಯಾರು, ರೊಟ್ಟಿ ಸುಟ್ಟೋರು ಯಾರು?

ಈ ವರ್ಷ ಮತ್ತೆ ಧ್ಯಾನಕೂಟ ಐತೆ. ನಮ್ಮ ಹೆಂಗಸರ ಕೂಟದಲ್ಲಿ ಹೋದ ಗುರುವಾರ ಕೂತು ಮಾತಾಡಿದ್ವಿ. ಹೋದ ಸಲ ಹೋದ ನಾವು ಆರು ಜನ ಈ ಸಲ ಹೋಗಲ್ಲ. ಹೋಗೋರ ಮನೆಗಳಿಗೆ ಮೂರು ದಿನ ಎರಡು ಹೊತ್ತು ನಾವು ಸಾರು ಮುದ್ದೆ ಕಳಿಸ್ತೀವಿ. ಮಾವನೋರ ಮುದ್ದೆ ಚಿಂತೆ ಮಾಡಿದ್ಳಲ್ಲ, ಅವಳ ಮನೆ ನನ್ನ ಪಾಲಿಗೆ ಬಂದೈತೆ. ಅವರಿಗೆ ಹುರುಳಿಕಾಳಿನ ಬಸ್ಸಾರು ಅಂದ್ರೆ ಪ್ರಾಣವಂತೆ. ಚೀಲವನ್ನೂ ಹೊಲಿದಾಯ್ತು, ಹಳೇ ಲಂಗದ ಬಟ್ಟೇಲಿ. ಮೊಳೆಗೆ ನಮ್ಮೋರು ಗೋಡೆ ಡ್ರಿಲ್ ಮಾಡ್ಬೇಕು, ಭಾನುವಾರ ಮಾಡಿಕೊಡ್ತೀನಿ ಅಂದವ್ರೆ.