ನಿಂತೇ ನಡೆದ ಡಿಬೇಟ್

ದಿನಾ ರಾತ್ರಿ ಡಿಬೇಟ್ ನಡೆಸೋದು ನನ್ನ ಕೆಲಸ. ಆ ಕಡೆ ಇಬ್ಬರು, ಈ ಕಡೆ ಇಬ್ಬರು, ನಡುವೆ ನಾನು. ಒಮ್ಮೆ ವೀಕ್ಷಕರೊಬ್ಬರು ಸಿಕ್ಕಿ ಕೇಳಿದ್ರು: "ನಿಮ್ಮ ಡಿಬೇಟ್‌ನಲ್ಲಿ ಯಾರಾದ್ರೂ ಒಬ್ಬರು, ಹೌದು ನಾನು ತಪ್ಪು ಅಂತ ಒಪ್ಪಿಕೊಂಡಿದ್ದು ಇದೆಯಾ?" ಯೋಚನೆ ಮಾಡಿದೆ. ನೆನಪಿಗೆ ಬರಲಿಲ್ಲ. ಆ ಪ್ರಶ್ನೆ ತಲೆಯಲ್ಲಿ ಕೊರೀತಾ ಇದ್ದಾಗಲೇ ನಾನು ಓದಿದ್ದು 1600 ವರ್ಷ ಹಿಂದಿನ ಒಂದು ಡಿಬೇಟ್ ಕಥೆ. ಅದರ ನಿರೂಪಕನ ತಲೆಯೇ ಹೋಯಿತು. ಆದರೆ ಕಥೆ ಶುರುವಾಗೋದು ಅದಕ್ಕೂ ನೂರು ವರ್ಷ ಮೊದಲು, ಒಂದು ಪೊಲೀಸ್ ಮಹಜರಿನಿಂದ.

ಕ್ರಿ.ಶ. 303. ರೋಮ್ ಚಕ್ರವರ್ತಿ ಡಯೋಕ್ಲೀಷಿಯನ್ ಆಜ್ಞೆ ಹೊರಡಿಸಿದ: ಕ್ರೈಸ್ತರ ಚರ್ಚ್‌ಗಳನ್ನು ಕೆಡವಿ, ಅವರ ಧರ್ಮಗ್ರಂಥಗಳನ್ನು ಸುಟ್ಟುಹಾಕಿ. ಉತ್ತರ ಆಫ್ರಿಕಾದ ಸಿರ್ಟಾ ಅನ್ನೋ ಊರು, ಇವತ್ತಿನ ಅಲ್ಜೀರಿಯಾದ ಕಾನ್‌ಸ್ಟಂಟೈನ್ ನಗರ. ಮೇ 19ರಂದು ಊರಿನ ಅಧಿಕಾರಿಗಳು ಕ್ರೈಸ್ತರು ಸೇರುತ್ತಿದ್ದ ಮನೆಗೆ ಬಂದರು. ಗುಮಾಸ್ತ ಒಂದೊಂದಾಗಿ ಬರೆದುಕೊಂಡ. ಚಿನ್ನದ ಬಟ್ಟಲು 2. ಬೆಳ್ಳಿ ಬಟ್ಟಲು 6. ಬೆಳ್ಳಿ ದೀಪ 7. ಹೆಂಗಸರ ಉಡುಪು 82. ಹೆಂಗಸರ ಚಪ್ಪಲಿ 47 ಜೊತೆ. ಬಡವರಿಗೆ ಹಂಚೋಕೆ ಇಟ್ಟ ಬಟ್ಟೆಬರೆ ಇರಬೇಕು. ಅಂದಿನ ಚರ್ಚ್ ಒಳಗೆ ಏನಿತ್ತು ಅಂತ ನಮಗೆ ತಿಳಿಯೋದೇ ದಾಳಿ ಮಾಡಿದವರ ಈ ಪಟ್ಟಿಯಿಂದ!

ಆದರೆ ಬೇಕಾಗಿದ್ದು ಪುಸ್ತಕ. ಹೆಚ್ಚಿನ ಪುಸ್ತಕಗಳು ಅಲ್ಲಿರಲಿಲ್ಲ, ಓದುಗರ ಮನೆಯಲ್ಲಿದ್ದವು. ಪ್ರಾರ್ಥನೆ ಹೊತ್ತಲ್ಲಿ ಗ್ರಂಥ ಓದಿ ಹೇಳುವವರಿಗೆ ಚರ್ಚ್‌ನಲ್ಲಿ ಓದುಗ ಅನ್ನೋ ಹುದ್ದೆಯೇ ಇತ್ತು. ಅಧಿಕಾರಿಗಳು ಮನೆಮನೆ ತಿರುಗಿದರು. ಒಬ್ಬ ನಾಲ್ಕು ಪುಸ್ತಕ ಕೊಟ್ಟ, ಇನ್ನೊಬ್ಬ ಐದು, ಮತ್ತೊಬ್ಬ ಎಂಟು. ಯಾರೂ ಹೊಡೆದಾಡಲಿಲ್ಲ. ಪುಸ್ತಕ ಕೊಟ್ಟರೆ ಜೀವ ಉಳಿಯುತ್ತೆ, ಕೊಡದಿದ್ದರೆ ಇಲ್ಲ. ಥಿಬಿಯುಕಾ ಊರಿನ ಬಿಷಪ್ ಫೆಲಿಕ್ಸ್ ಕೊಡಲ್ಲ ಅಂದ, ಅವನನ್ನು ಕೊಂದರು. ಕಾರ್ತೇಜ್‌ನ ಬಿಷಪ್ ಮೆನ್ಸೂರಿಯಸ್ ಇನ್ನೊಂದು ದಾರಿ ಹಿಡಿದ: ನಿಜವಾದ ಗ್ರಂಥಗಳನ್ನು ಬಚ್ಚಿಟ್ಟು, ಪಾಷಂಡಿಗಳ ಪುಸ್ತಕಗಳನ್ನು ಪೊಲೀಸರ ಕೈಗೆ ಸಿಗುವಂತೆ ಬಿಟ್ಟ.

ಕೆಲವು ವರ್ಷಕ್ಕೆ ದಾಳಿ ನಿಂತಿತು. ಈಗ ಎದ್ದಿತು ನೋಡಿ ನಿಜವಾದ ಪ್ರಶ್ನೆ. ಅವತ್ತು ಹೆದರಿ ಪುಸ್ತಕ ಒಪ್ಪಿಸಿದವರನ್ನು ಇವತ್ತು ಏನು ಮಾಡೋಣ? ಅವರಿಗೆ ಲ್ಯಾಟಿನ್‌ನಲ್ಲಿ ಟ್ರಾಡಿಟರ್ ಅಂತ ಹೆಸರು ಬಿತ್ತು, ಅಂದ್ರೆ ಕೈಗೆ ಒಪ್ಪಿಸಿದವನು. ದೇಶದ್ರೋಹಿಗೆ ಇಂಗ್ಲಿಷ್‌ನಲ್ಲಿ ಟ್ರೈಟರ್ ಅಂತೀವಲ್ಲ, ಅದರ ಬೇರು ಇದೇ. ಪುಸ್ತಕ ಒಪ್ಪಿಸಿದ ಪಾದ್ರಿ ಕೊಟ್ಟ ದೀಕ್ಷಾಸ್ನಾನ ಸಲ್ಲುತ್ತಾ? ಅವನು ನೇಮಿಸಿದ ಬಿಷಪ್ ನಿಜವಾದ ಬಿಷಪ್ಪಾ? ಜೈಲು ಸೇರಿದವರು, ಮಕ್ಕಳನ್ನು ಕಳೆದುಕೊಂಡವರು ಇದ್ದ ಊರು ಅದು. ಅವರಿಗೆ ಇದು ಬರೀ ಶಾಸ್ತ್ರಚರ್ಚೆ ಆಗಿರಲಿಲ್ಲ.

ಕಾರ್ತೇಜ್‌ನಲ್ಲಿ ಮೆನ್ಸೂರಿಯಸ್ ತೀರಿಕೊಂಡ ಮೇಲೆ ಸಿಸಿಲಿಯನ್ ಬಿಷಪ್ ಆದ. ಅವನಿಗೆ ಪಟ್ಟ ಕಟ್ಟಿದ ಬಿಷಪ್‌ಗಳಲ್ಲೊಬ್ಬ ಟ್ರಾಡಿಟರ್ ಅಂತ ಆರೋಪ ಬಂತು. ವಿರೋಧಿಗಳು ಬೇರೆ ಬಿಷಪ್‌ನನ್ನು ಕೂರಿಸಿದರು. ಇದರ ಹಿಂದೆ ಲೂಸಿಲ್ಲಾ ಅನ್ನೋ ಶ್ರೀಮಂತ ಹೆಂಗಸಿನ ದುಡ್ಡಿತ್ತು. ಪ್ರಸಾದ ತಗೊಳ್ಳೋ ಮುಂಚೆ ಹುತಾತ್ಮನೊಬ್ಬನ ಮೂಳೆಗೆ ಮುತ್ತಿಡೋದು ಆಕೆಯ ಅಭ್ಯಾಸ. ಅದಕ್ಕೆ ಸಿಸಿಲಿಯನ್ ಹಿಂದೊಮ್ಮೆ ಗದರಿದ್ದ. ಆಕೆ ಮರೆತಿರಲಿಲ್ಲ. ಆಮೇಲೆ ಈ ಬಣದ ನಾಯಕನಾದವನು ಡೊನಾಟಸ್. ಅವನ ಹೆಸರಿಂದಲೇ ಡೊನಾಟಿಸ್ಟರು ಅಂತ ಹೆಸರು ಬಂತು.

313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಚರ್ಚ್‌ಗೆ ಹಣ ಕೊಡೋಕೆ ಶುರು ಮಾಡಿದ. ಹಣ ಹೋಗಿದ್ದು ಸಿಸಿಲಿಯನ್ ಬಣಕ್ಕೆ. ಇನ್ನೊಂದು ಬಣ ಸೀದಾ ಚಕ್ರವರ್ತಿಗೇ ದೂರು ಕೊಟ್ಟಿತು. ರೋಮ್‌ನಲ್ಲಿ ವಿಚಾರಣೆ ಆಯಿತು, ಮರುವರ್ಷ ಆರ್ಲ್ಸ್‌ನಲ್ಲಿ ಸಭೆ ಆಯಿತು, ಕೊನೆಗೆ ಚಕ್ರವರ್ತಿಯೇ ತೀರ್ಪು ಕೊಟ್ಟ. ಎಲ್ಲಾ ಕಡೆ ಡೊನಾಟಿಸ್ಟರಿಗೆ ಸೋಲು. ಟ್ರಾಡಿಟರ್ ಅನ್ನಿಸಿಕೊಂಡ ಬಿಷಪ್ ನಿರಪರಾಧಿ, ಅವನ ವಿರುದ್ಧ ತಂದ ಪತ್ರದಲ್ಲಿ ಆಮೇಲೆ ಸಾಲುಗಳನ್ನು ಸೇರಿಸಲಾಗಿತ್ತು ಅಂತ ವಿಚಾರಣೆಯಲ್ಲಿ ಬಯಲಾಯಿತು. 1700 ವರ್ಷ ಹಿಂದಿನ ಫೇಕ್ ಡಾಕ್ಯುಮೆಂಟ್! ಅಷ್ಟೇ ಅಲ್ಲ. 320ರಲ್ಲಿ ಸಿರ್ಟಾದ ಆ ಹಳೇ ಮಹಜರನ್ನು ತೆಗೆದು ಓದಿದಾಗ, ದಾಳಿಯ ದಿನ ಬೆಳ್ಳಿ ಸಾಮಾನು ತಂದೊಪ್ಪಿಸಿದವರ ಪೈಕಿ ಸಿಲ್ವಾನಸ್ ಅನ್ನೋ ಹೆಸರಿತ್ತು. ಅವನು ಅಷ್ಟೊತ್ತಿಗೆ ಯಾರಾಗಿದ್ದ ಗೊತ್ತಾ? ಡೊನಾಟಿಸ್ಟರ ಬಿಷಪ್!

ಹಾಗಂತ ಡೊನಾಟಿಸ್ಟರೆಲ್ಲ ಸುಳ್ಳರು ಅಂತ ಮುಗಿಸಿಬಿಟ್ಟರೆ ತಪ್ಪಾಗುತ್ತೆ. ಆಫ್ರಿಕಾದ ಹಳ್ಳಿಹಳ್ಳಿಯಲ್ಲಿ ಜನ ಅವರ ಜೊತೆ ನಿಂತರು. ಸರ್ಕಾರದ ಚರ್ಚ್ ಬೇಡ, ಹುತಾತ್ಮರ ಚರ್ಚ್ ಸಾಕು ಅನ್ನೋದು ಅವರ ನಿಲುವು. 347ರಲ್ಲಿ ಮಕಾರಿಯಸ್ ಅನ್ನೋ ಅಧಿಕಾರಿ ಮೊದಲು ದುಡ್ಡಿನ ಚೀಲ ತಂದ, ಆಮೇಲೆ ಸೈನ್ಯ ಕರೆಸಿದ. ಸತ್ತವರು ಹುತಾತ್ಮರಾದರು. ಏಟು ಬಿದ್ದಷ್ಟೂ ಪಂಥ ಗಟ್ಟಿಯಾಯಿತು. ಅವರ ಪಕ್ಕದಲ್ಲಿ ದೊಣ್ಣೆ ಹಿಡಿದ ಸರ್ಕಮ್‌ಸೆಲಿಯನ್ನರ ಗುಂಪೂ ಇತ್ತು. ಎದುರು ಬಣದ ಪಾದ್ರಿಗಳ ಮೇಲೆ ಬೀಳೋದು ಅವರ ಕೆಲಸ. ನೂರು ವರ್ಷ ಕಳೆಯೋ ಹೊತ್ತಿಗೆ ಎಷ್ಟೋ ಊರಲ್ಲಿ ಎರಡು ಚರ್ಚ್, ಇಬ್ಬರು ಬಿಷಪ್. ಅದೇ ಗ್ರಂಥ, ಅದೇ ಪ್ರಾರ್ಥನೆ, ಆದರೆ ಒಬ್ಬರು ಇನ್ನೊಬ್ಬರ ಚರ್ಚ್‌ಗೆ ಕಾಲಿಡಲ್ಲ.

ಆಗ ಬಂದವನು ಅಗಸ್ಟೀನ್, ಹಿಪ್ಪೋ ಊರಿನ ಬಿಷಪ್. ಅವನ ವಾದ ಎಂಜಿನಿಯರಿಂಗ್ ಓದಿದ ನನಗೆ ಥಟ್ಟನೆ ಅರ್ಥವಾಯಿತು. ಕಾಲುವೆ ಕಲ್ಲಿನದು, ಕಲ್ಲಲ್ಲಿ ಏನೂ ಬೆಳೆಯಲ್ಲ. ಆದರೆ ಅದರಲ್ಲಿ ಹರಿದು ಬಂದ ನೀರು ತೋಟವನ್ನು ಹಸಿರು ಮಾಡುತ್ತೆ. ಪಾದ್ರಿ ಕಾಲುವೆ ಅಷ್ಟೇ, ನೀರು ಕ್ರಿಸ್ತನದು. ಪಾದ್ರಿ ಕೆಟ್ಟವನಾದರೆ ಪಾಪ ಅವನ ತಲೆಗೆ, ದೀಕ್ಷಾಸ್ನಾನ ಕೆಡಲ್ಲ. ಡೊನಾಟಿಸ್ಟರ ಉತ್ತರವೂ ಸರಳವಾಗಿತ್ತು: ತನ್ನಲ್ಲಿ ಇಲ್ಲದ್ದನ್ನು ಯಾರಾದ್ರೂ ಹೇಗೆ ಕೊಟ್ಟಾನು? ಎರಡನ್ನೂ ಒಮ್ಮೆ ಓದಿ ನೋಡಿ. ಇವತ್ತಿಗೂ ನಾವು ಯಾವುದೇ ಸಂಸ್ಥೆ ಬಗ್ಗೆ ಮಾಡುವ ಜಗಳ ಇದೇ ಅಲ್ವಾ? ಕುರ್ಚಿ ಮುಖ್ಯನಾ, ಕೂತವನು ಮುಖ್ಯನಾ?

ಕೊನೆಗೆ ಚಕ್ರವರ್ತಿ ಹೊನೋರಿಯಸ್ ಹೇಳಿದ: ಒಂದೇ ಸಲ ಕೂತು ಚರ್ಚೆ ಮಾಡಿ ಮುಗಿಸಿ. 411ರ ಜೂನ್ 1, ಕಾರ್ತೇಜ್. ಜಾಗ, ಗಾರ್ಗಿಲಿಯಸ್ ಸ್ನಾನಗೃಹದ ಸಭಾಂಗಣ. ಕ್ಯಾಥೊಲಿಕ್ ಕಡೆ 286 ಬಿಷಪ್‌ಗಳು, ಡೊನಾಟಿಸ್ಟರ ಕಡೆ ಹತ್ತಿರಹತ್ತಿರ ಅಷ್ಟೇ ಜನ. ನಿರೂಪಕ ಅಂದ್ರೆ ಮಾರ್ಸೆಲಿನಸ್ ಅನ್ನೋ ಸರ್ಕಾರಿ ಅಧಿಕಾರಿ. ನಿಯಮ ನೋಡಿ: ಎರಡೂ ಕಡೆ ತಲಾ 7 ವಕ್ತಾರರು. ಆಡಿದ ಪ್ರತಿ ಮಾತನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳಬೇಕು. ಆಡಿದವನು ಓದಿ ಸಹಿ ಹಾಕಬೇಕು. ನಾನು ಹಾಗೆ ಹೇಳಲೇ ಇಲ್ಲ ಅಂತ ಮಾರನೇ ದಿನ ಯಾರೂ ಜಾರಿಕೊಳ್ಳುವಂತಿಲ್ಲ. ನಮ್ಮ ಸ್ಟುಡಿಯೋದಲ್ಲೂ ಇಂಥದ್ದೊಂದು ನಿಯಮ ಇರಬಾರದಿತ್ತಾ ಅನ್ನಿಸಿತು.

ಕೂತ್ಕೊಳ್ಳಿ ಅಂದ ಮಾರ್ಸೆಲಿನಸ್. ಪಾಪಿಗಳ ಜೊತೆ ಕೂರಲ್ಲ ಅಂದರು ಡೊನಾಟಿಸ್ಟರು, ಕೀರ್ತನೆಯ ಮಾತನ್ನೇ ಮುಂದಿಟ್ಟು. ವಯಸ್ಸಾದ ಬಿಷಪ್‌ಗಳು ನಿಂತಿರುವಾಗ ತಾನು ಕೂರೋದು ಸರಿಯಲ್ಲ ಅಂತ ಮಾರ್ಸೆಲಿನಸ್ಸೂ ನಿಂತೇ ಇದ್ದ.

ಮೊದಲ ದಿನದ ಬಹುಪಾಲು ಹಾಜರಿಗೇ ಹೋಯಿತು. ಒಬ್ಬ ಬಿಷಪ್ ಹೆಸರು ಕೂಗಿದರೆ ಅವನು ಮುಂದೆ ಬರಬೇಕು, ಅದೇ ಊರಿನ ಎದುರು ಬಣದ ಬಿಷಪ್ ಅವನನ್ನು ಗುರುತಿಸಬೇಕು. ಬಲ್ಲೆ ಇವನನ್ನು, ಬಲ್ಲೆ ಇವನನ್ನು ಅಂತ ಒಂದಾದ ಮೇಲೊಂದು. ಒಂದೇ ಊರಲ್ಲಿ ವರ್ಷಗಟ್ಟಲೆ ಬದುಕಿದವರು ಎದುರುಬದುರು ನಿಂತು ಅಷ್ಟನ್ನು ಮಾತ್ರ ಹೇಳಿ ಪಕ್ಕಕ್ಕೆ ಸರಿದರು. ಆ ದಾಖಲೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಭಾಗ ಇದೇ. ಡೊನಾಟಿಸ್ಟರ ಪಟ್ಟಿಯಲ್ಲಿ ಸಹಿ ಇದ್ದ ಒಬ್ಬನ ಹೆಸರು ಕೂಗಿದರೆ ಆಳೇ ಇಲ್ಲ. ದಾರಿಯಲ್ಲಿ ತೀರಿಕೊಂಡ ಅಂದರು. ಸತ್ತವನು ಸಹಿ ಹೇಗೆ ಹಾಕಿದ ಅಂತ ಗಲಾಟೆ!

ಎರಡನೇ ದಿನ ದಾಖಲೆ ಓದೋಕೆ ಸಮಯ ಬೇಕು ಅಂತ ಮುಂದಕ್ಕೆ ಹೋಯಿತು. ಜೂನ್ 8ರಂದು ಮೂರನೇ ಸುತ್ತು. ದೂರುದಾರ ಯಾರು, ಪ್ರತಿವಾದಿ ಯಾರು ಅಂತಲೇ ಅರ್ಧ ಜಗಳ. ಡೊನಾಟಿಸ್ಟರ ಮುಖ್ಯ ವಕ್ತಾರ ಪೆಟಿಲಿಯನ್, ಮೊದಲು ವಕೀಲನಾಗಿದ್ದವನು, ಮಾತಾಡಿ ಮಾತಾಡಿ ಗಂಟಲು ಕಟ್ಟಿಹೋಯಿತು. ಹಳೇ ದಾಖಲೆಗಳನ್ನು ಒಂದೊಂದಾಗಿ ಓದಿದರು. ಅದೇ ರಾತ್ರಿ ತೀರ್ಪು: ಡೊನಾಟಿಸ್ಟರು ಸೋತರು.

ಸೋತವರು ಒಪ್ಪಿದರಾ? ಇಲ್ಲ. ಒಪ್ಪೋಕೆ ಕಾರಣವೂ ಇರಲಿಲ್ಲ, ಯಾಕಂದ್ರೆ ಚಕ್ರವರ್ತಿಯ ಆಜ್ಞೆಯಲ್ಲೇ ಅವರನ್ನು ಪಾಷಂಡಿಗಳು ಅಂತ ಕರೆದಾಗಿತ್ತು. ಡಿಬೇಟ್‌ಗೆ ಮುಂಚೆಯೇ ಸ್ಕ್ರೀನ್ ಮೇಲೆ ತೀರ್ಪು ಹಾಕಿದ ಹಾಗೆ. 412ರ ಜನವರಿಯಲ್ಲಿ ಕಾನೂನು ಬಂತು: ಅಂತಸ್ತಿಗೆ ತಕ್ಕಂತೆ ದಂಡ, ಚರ್ಚ್ ಆಸ್ತಿ ಜಪ್ತಿ, ಪಾದ್ರಿಗಳಿಗೆ ಗಡೀಪಾರು.

ಇಲ್ಲಿ ಅಗಸ್ಟೀನ್ ವಿಚಾರ ಹೇಳಲೇಬೇಕು. ಮೊದಮೊದಲು ಬಲವಂತ ಬೇಡ, ಮಾತಿನಿಂದಲೇ ಗೆಲ್ಲೋಣ ಅಂದವನು ಅವನೇ. ಆಮೇಲೆ ಬದಲಾದ. ಕಾನೂನಿಗೆ ಹೆದರಿ ಬಂದ ಊರುಗಳು ಈಗ ಸಂತೋಷವಾಗಿವೆಯಲ್ಲ ಅಂದ. ಔತಣದ ಸಾಮತಿಯಲ್ಲಿ ದಾರಿಯಲ್ಲಿರುವವರನ್ನು ಬಲವಂತ ಮಾಡಿ ಕರೆತರಲು ಯಜಮಾನ ಹೇಳುವ ಮಾತನ್ನು ಇದಕ್ಕೆ ಆಧಾರ ಮಾಡಿಕೊಂಡ. ಒಬ್ಬ ಪಾದ್ರಿಯನ್ನು ಕೊಂದ ಡೊನಾಟಿಸ್ಟರಿಗೆ ಮರಣದಂಡನೆ ಬೇಡ ಅಂತ ಮಾರ್ಸೆಲಿನಸ್‌ಗೆ ಪತ್ರ ಬರೆದವನೂ ಇದೇ ಅಗಸ್ಟೀನ್. ಆ ಕರುಣೆಯನ್ನು ಮುಂದಿನವರು ಮರೆತರು, ಬಲವಂತದ ವಾದವನ್ನು ನೆನಪಿಟ್ಟುಕೊಂಡರು. ಶತಮಾನಗಳ ನಂತರ ಯೂರೋಪಿನಲ್ಲಿ ಬೇರೆ ನಂಬಿಕೆಯವರ ಮೇಲೆ ಕೈಮಾಡಿದವರಿಗೆ ಅದು ಸಮರ್ಥನೆಯಾಯಿತು.

ಮಾರ್ಸೆಲಿನಸ್ ಏನಾದ? 413ರಲ್ಲಿ ಬಂಡಾಯವೊಂದರಲ್ಲಿ ಕೈಯಿದೆ ಅಂತ ಆರೋಪ ಹೊರಿಸಿ ಅವನ ತಲೆ ಕಡಿದರು. ಅಗಸ್ಟೀನ್ ಉಳಿಸೋಕೆ ಓಡಾಡಿದ, ಆಗಲಿಲ್ಲ. ತನ್ನ ಮಹಾಗ್ರಂಥ ದೇವನಗರವನ್ನು ಬರೆಯೋಕೆ ಶುರು ಮಾಡಿದ್ದೇ ಈ ಗೆಳೆಯನನ್ನು ಉದ್ದೇಶಿಸಿ. 429ರಲ್ಲಿ ವಾಂಡಲರು ಆಫ್ರಿಕಾಕ್ಕೆ ನುಗ್ಗಿದರು. 430ರಲ್ಲಿ ಅವರು ಹಿಪ್ಪೋ ಮುತ್ತಿರುವಾಗಲೇ ಅಗಸ್ಟೀನ್ ಕಣ್ಣುಮುಚ್ಚಿದ.

ಕೊನೆಗೆ ಒಂದು ಮಾತು. ಆ ಡಿಬೇಟ್‌ನ ದಾಖಲೆ ತುಂಬಾ ಉದ್ದ, ಯಾರೂ ಓದಲ್ಲ ಅಂತ ಅಗಸ್ಟೀನ್ ಅದರ ಸಾರಾಂಶವೊಂದನ್ನು ಬರೆದ. ನಮ್ಮ ಭಾಷೆಯಲ್ಲಿ ಹೈಲೈಟ್ಸ್. ಪೂರ್ತಿ ದಾಖಲೆ ಇವತ್ತು ಮೂರನೇ ದಿನದ ನಡುವಲ್ಲಿ ತುಂಡಾಗಿ ನಿಂತಿದೆ. ಹಾಜರಿ ಉಳಿದಿದೆ, ಕೂರೋ ಜಗಳ ಉಳಿದಿದೆ, ದೂರುದಾರ ಯಾರು ಅನ್ನೋ ಜಗಳ ಉಳಿದಿದೆ. ಅಸಲಿ ವಿಷಯಕ್ಕೆ ಬಂದ ಭಾಗದ ಬಹುಪಾಲಿಗೆ ನಮಗೆ ಸಿಗೋದು ಅಧ್ಯಾಯಗಳ ತಲೆಬರಹ, ಮತ್ತೆ ಗೆದ್ದವನು ಬರೆದ ಹೈಲೈಟ್ಸ್ ಮಾತ್ರ. ಪೆಟಿಲಿಯನ್ ಕೊನೆಗೆ ಏನಂದ ಅನ್ನೋದನ್ನೂ ಅಗಸ್ಟೀನ್ ಬಾಯಿಂದಲೇ ಕೇಳಬೇಕು.

ಅದನ್ನು ಓದಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಡಿಬೇಟ್ ಮುಗಿದು ಸೆಟ್ ದೀಪ ಆರಿದ ಮೇಲೆ, ಅವತ್ತು ಯಾರ ಮಾತನ್ನು ನಾನು ನಡುವೆ ತುಂಡು ಮಾಡಿದೆ ಅಂತ ಒಂದು ಚೀಟಿಯಲ್ಲಿ ಬರೆದಿಡ್ತೀನಿ. ಆ ಚೀಟಿ ಯಾವತ್ತೂ ಖಾಲಿ ಇರಲ್ಲ.